ನೋಯದೆ ಬಾಗುವ ಬೆರಳು: ಮುಂಬಯಿಯ ಹೋಟೆಲಿಗರೊಬ್ಬರ ಡುಪ್ಯುಟ್ರನ್ ಪ್ರಕರಣ

ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸದಿಂದ ಆರಂಭಿಸಿ, ವರ್ಷಗಟ್ಟಲೆ ಅಡುಗೆಮನೆಯಲ್ಲಿ ದುಡಿದು, ಈಗ ಮುಲುಂಡಿನಲ್ಲಿ ಸ್ವಂತ ಹೋಟೆಲಿನ ಗಲ್ಲಾದಲ್ಲಿ ಕೂರುವ 62 ವರ್ಷದ ಹಿರಿಯರೊಬ್ಬರು, ಬಲಗೈಯ ಉಂಗುರ ಬೆರಳು ಮತ್ತು ಕಿರುಬೆರಳು ಅಂಗೈಯತ್ತ ಬಾಗಿ ನಿಂತಿವೆ, ಬಿಡಿಸಲು ಆಗುತ್ತಿಲ್ಲ ಎಂಬ ದೂರಿನೊಂದಿಗೆ ಒಂದು ಜೂನ್ ತಿಂಗಳಲ್ಲಿ ನಮ್ಮ ಕೈ ಶಸ್ತ್ರಚಿಕಿತ್ಸೆಯ ಹೊರರೋಗಿ ವಿಭಾಗಕ್ಕೆ ಬಂದರು. ಜೊತೆಯಲ್ಲಿ ಅವರ ಪತ್ನಿ ಮತ್ತು ಹಿರಿಯ ಮಗ ಇದ್ದರು. ಅಂಗೈಯಲ್ಲಿ ಮೊದಲ ಗಂಟು ಕಾಣಿಸಿಕೊಂಡು ಆಗಲೇ ಆರು ವರ್ಷ ಕಳೆದಿತ್ತು. ಬೆರಳು ಬಾಗತೊಡಗಿ ಮೂರು ವರ್ಷವಾಗಿತ್ತು. ಇಷ್ಟು ತಡವೇಕೆ ಎಂದು ಕೇಳಿದಾಗ ಅವರು ಕೊಟ್ಟ ಉತ್ತರದಲ್ಲಿ ಈ ಕಾಯಿಲೆಯ ಮುಖ್ಯ ಅಪಾಯವೇ ಅಡಗಿತ್ತು: "ನೋವಿದ್ದಿದ್ರೆ ಆಗಲೇ ಬರ್ತಿದ್ದೆ ಡಾಕ್ಟ್ರೇ, ಇದು ನೋಯುದೇ ಇಲ್ಲ ಅಲ್ಲ."

ಡುಪ್ಯುಟ್ರನ್ ಕಾಂಟ್ರ್ಯಾಕ್ಚರ್ ಎಂದು ವೈದ್ಯರು ಕರೆಯುವ ಈ ಸ್ಥಿತಿ ಉತ್ತರ ಯೂರೋಪಿನ ಮೂಲದ ಹಿರಿಯ ಗಂಡಸರಲ್ಲಿ ಬಹಳ ಸಾಮಾನ್ಯ. ನಮ್ಮಲ್ಲಿ ಅಷ್ಟು ಕಾಣುವುದಿಲ್ಲ. ಕಾಣುವುದಿಲ್ಲ ಎಂಬ ಕಾರಣಕ್ಕೇ ಅದು ಬಂದಾಗ ಬೇರೆ ಕಾಯಿಲೆಗಳ ಹೆಸರಿನಲ್ಲಿ ವರ್ಷಗಟ್ಟಲೆ ಅಲೆಯುತ್ತದೆ. ಯಾವ ಕೀಲು ಎಷ್ಟು ಡಿಗ್ರಿ ಬಾಗಿದೆ ಎಂಬುದರ ಮೇಲೆ ಚಿಕಿತ್ಸೆಯ ಕಾಲ ನಿರ್ಧಾರವಾಗಬೇಕೇ ಹೊರತು ನೋವಿದೆಯೋ ಇಲ್ಲವೋ ಎಂಬುದರ ಮೇಲಲ್ಲ ಎಂಬ ಮಾತನ್ನು ಈ ಒಂದು ಪ್ರಕರಣದ ವಿವರಗಳ ಮೂಲಕ ಹೇಳುವುದು ಈ ಬರಹದ ಉದ್ದೇಶ. ರೋಗಿಯ ಹೆಸರು, ಗುರುತುಗಳನ್ನು ಬಿಟ್ಟಿದ್ದೇನೆ.

ಅಲ್ಲಿಯವರೆಗಿನ ಕಥೆ

ಮೊದಲು ಕಂಡದ್ದು ಉಂಗುರ ಬೆರಳಿನ ಬುಡದ ಕೆಳಗೆ, ಅಂಗೈಯ ಅಡ್ಡಗೆರೆಯ ಹತ್ತಿರ, ಕಡಲೆಕಾಳಿನ ಗಾತ್ರದ ಗಟ್ಟಿ ಗಂಟು. ದೋಸೆ ಸಟ್ಟುಗ, ಸಾಂಬಾರಿನ ಸೌಟು ಹಿಡಿದ ಕೈಗೆ ಆಣಿ ಕಟ್ಟುವುದು ಹೊಸದಲ್ಲವಾದ್ದರಿಂದ ಅದನ್ನೂ ಆಣಿ ಎಂದೇ ಅವರು ಬಗೆದರು. ನಿಧಾನವಾಗಿ ಗಂಟಿನ ಅಕ್ಕಪಕ್ಕದ ಚರ್ಮ ಒಳಗೆ ಸೆಳೆದು ಸಣ್ಣ ಕುಳಿ ಬಿತ್ತು, ಗಂಟಿನಿಂದ ಬೆರಳಿನತ್ತ ಒಂದು ಹುರಿ ಎದ್ದಿತು. ಬಡಾವಣೆಯ ವೈದ್ಯರೊಬ್ಬರು ಟ್ರಿಗರ್ ಫಿಂಗರ್ ಎಂದು ಭಾವಿಸಿ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ಬೆರಳು ನೇರವಾಗಲಿಲ್ಲ, ಆದರೆ ಮಧುಮೇಹಿಯಾದ ಇವರ ಸಕ್ಕರೆ ಕೆಲವು ದಿನ ಏರಿತು. ನರ ಬಿಗಿದಿದೆ ಎಂದು ಒಬ್ಬರು ತಿಂಗಳುಗಟ್ಟಲೆ ಎಣ್ಣೆ ಹಚ್ಚಿ ತಿಕ್ಕಿದರು. ಇನ್ನೊಂದು ಕಡೆ ಬಿಸಿ ಮೇಣದಲ್ಲಿ ಕೈ ಅದ್ದಿಸಿ, ಬೆರಳನ್ನು ಹಿಂದಕ್ಕೆ ಬಲವಂತವಾಗಿ ಎಳೆಯುವ ವ್ಯಾಯಾಮ ಮಾಡಿಸಿದರು. ಊರಿಗೆ ಹೋದಾಗ ನಾಟಿ ಔಷಧದ ಪಟ್ಟೂ ಆಯಿತು. ಈ ಹುರಿ ತಿಕ್ಕಿದರೆ ಕರಗುವುದಿಲ್ಲ, ಎಳೆದರೆ ಉದ್ದವಾಗುವುದಿಲ್ಲ. ಬಲವಾಗಿ ಎಳೆಯುವುದರಿಂದ ಒಳ್ಳೆಯದಾಗುತ್ತದೆ ಎಂಬುದಕ್ಕೆ ಆಧಾರವೂ ಇಲ್ಲ. ಹಣಕ್ಕಿಂತ ದೊಡ್ಡ ನಷ್ಟವೆಂದರೆ ಕಾಲ. ಅಷ್ಟರಲ್ಲಿ ಕಾಯಿಲೆ ಕಿರುಬೆರಳಿನ ನಡುವಿನ ಕೀಲಿಗೆ ಇಳಿದಿತ್ತು.

ದಿನದ ಬದುಕಿನಲ್ಲಿ ಆದ ತೊಂದರೆಗಳನ್ನು ಅವರು ಒಂದೊಂದಾಗಿ ಹೇಳಿದರು. ಮುಖ ತೊಳೆಯುವಾಗ ಬಾಗಿದ ಬೆರಳು ಕಣ್ಣಿಗೆ ಚುಚ್ಚುತ್ತದೆ. ಪ್ಯಾಂಟಿನ ಜೇಬಿಗೆ ಕೈ ಹೋಗುವುದಿಲ್ಲ. ಅನ್ನ ಕಲಸುವಾಗ ಆ ಎರಡು ಬೆರಳು ಸಾರಿನಲ್ಲಿ ಮುಳುಗಿ ಅಡ್ಡ ಬರುತ್ತವೆ. ಗಿರಾಕಿಗಳಿಗೆ ಚಿಲ್ಲರೆ ಕೊಡುವಾಗ ನಾಣ್ಯ ಬೆರಳಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಡಿತ ಮಾತ್ರ ಕೆಟ್ಟಿರಲಿಲ್ಲ; ಮಡಚುವ ಶಕ್ತಿ ಪೂರ್ತಿ ಇತ್ತು, ಲೋಕಲ್ ರೈಲಿನ ಹಿಡಿಕೆಯನ್ನು ಮೊದಲಿನಷ್ಟೇ ಗಟ್ಟಿಯಾಗಿ ಹಿಡಿಯುತ್ತಿದ್ದರು. ದೊಡ್ಡ ಪಾತ್ರೆಯ ಅಗಲಕ್ಕೆ ಕೈ ತೆರೆಯುವುದು ಮಾತ್ರ ಸಾಧ್ಯವಿರಲಿಲ್ಲ.

ಇವೆಲ್ಲ ಹೇಳಿ ಮುಗಿದ ಮೇಲೆ ಪತ್ನಿ ಇನ್ನೊಂದು ಮಾತನ್ನು ತಡೆದು ತಡೆದು ಹೇಳಿದರು. ಊರಿನವರೆಲ್ಲ ಸೇರುವ ಪೂಜೆಯ ಅನ್ನಸಂತರ್ಪಣೆಯಲ್ಲಿ ಪ್ರತಿವರ್ಷ ಬಡಿಸಲು ಮುಂದೆ ನಿಲ್ಲುತ್ತಿದ್ದ ಇವರು ಎರಡು ವರ್ಷದಿಂದ ನಿಲ್ಲುತ್ತಿಲ್ಲ. ಕೈ ನೋಡಿದ ನೆಂಟರೊಬ್ಬರು, ಇದು ಕುಷ್ಠ ಇರಬಹುದು, ಹೋಟೆಲಿನಲ್ಲಿ ಕೂರುವುದು ಸರಿಯೇ ಎಂದು ಕೇಳಿದ್ದರಂತೆ. ಅಂದಿನಿಂದ ಗಲ್ಲಾದಲ್ಲಿ ಕೂತಾಗಲೂ ಬಲಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು ಎಡಗೈಯಿಂದ ಹಣ ತೆಗೆದುಕೊಳ್ಳುವ ರೂಢಿ ಬಂತು. ಎಡಗೈಯಿಂದ ಹಣ ಮುಟ್ಟುವುದು ಇವರ ಸಂಸ್ಕಾರಕ್ಕೆ ಎಷ್ಟು ಒಗ್ಗದ ಸಂಗತಿ ಎಂಬುದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ರೋಗವನ್ನು ಗುರುತಿಸುವ ಕೆಲಸಕ್ಕಿಂತ ಮೊದಲು ಈ ಭಯವನ್ನು ಇಳಿಸುವುದು ಅಗತ್ಯವಾಗಿತ್ತು.

ಪರೀಕ್ಷೆ

ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಲು ಹೇಳಿದೆವು, ಆಗಲಿಲ್ಲ. ಆಸ್ಟ್ರೇಲಿಯದ ಶಸ್ತ್ರಚಿಕಿತ್ಸಕ ಹ್ಯೂಸ್ಟನ್ ರೂಢಿಗೆ ತಂದ ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ, ಯಾರು ಬೇಕಾದರೂ ಮನೆಯಲ್ಲಿ ಮಾಡಿಕೊಳ್ಳಬಹುದು. ಕೋನಮಾಪಕದಿಂದ ಅಳೆದಾಗ ಉಂಗುರ ಬೆರಳಿನ ಬುಡದ ಕೀಲು 50 ಡಿಗ್ರಿ, ನಡುವಿನ ಕೀಲು 10 ಡಿಗ್ರಿ ಬಾಗಿದ್ದವು. ಕಿರುಬೆರಳಿನಲ್ಲಿ ಬುಡದ ಕೀಲು 30 ಡಿಗ್ರಿ, ನಡುವಿನ ಕೀಲು 55 ಡಿಗ್ರಿ. ಬೆರಳೊಂದರ ಒಟ್ಟು ಬಾಗನ್ನು ಕೂಡಿಸಿ ಹಂತ ನಿರ್ಧರಿಸುವ ಟ್ಯುಬಿಯಾನಾ ಕ್ರಮದ ಪ್ರಕಾರ 45ರಿಂದ 90 ಡಿಗ್ರಿಯವರೆಗೆ ಎರಡನೆಯ ಹಂತ. ಎರಡು ಬೆರಳೂ ಆ ಹಂತದಲ್ಲೇ ಇದ್ದವು. ಆದರೆ 60 ಡಿಗ್ರಿ ಬಾಗಿದ ಉಂಗುರ ಬೆರಳಿನ ಭವಿಷ್ಯಕ್ಕೂ 85 ಡಿಗ್ರಿ ಬಾಗಿದ ಕಿರುಬೆರಳಿನ ಭವಿಷ್ಯಕ್ಕೂ ಇದ್ದ ವ್ಯತ್ಯಾಸ ಆ 25 ಡಿಗ್ರಿಯಷ್ಟೇ ಆಗಿರಲಿಲ್ಲ. ಬಾಗು ಯಾವ ಕೀಲಿನಲ್ಲಿ ಇದೆ ಎಂಬುದೇ ನಿಜವಾದ ವ್ಯತ್ಯಾಸವಾಗಿತ್ತು. ಎಡಗೈಯಲ್ಲಿ ಉಂಗುರ ಬೆರಳಿನ ಬುಡಕ್ಕೆ ಸಣ್ಣ ಗಂಟು ಮಾತ್ರ ಇತ್ತು, ಬಾಗು ಇರಲಿಲ್ಲ. ಅದು ಇದೆಯೆಂಬುದೇ ಅವರಿಗೆ ತಿಳಿದಿರಲಿಲ್ಲ. ಅಂಗಾಲಿನಲ್ಲಿ, ಬೆರಳಿನ ಗೆಣ್ಣಿನ ಮೇಲೆ ಗಂಟುಗಳಿರಲಿಲ್ಲ.

ಕುಷ್ಠದ ಪ್ರಶ್ನೆಯನ್ನು ನಾವು ತೇಲಿಸಿಬಿಡಲಿಲ್ಲ. ಕುಷ್ಠದಲ್ಲಿ ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ಅಲ್ನಾರ್ ನರ ಕೆಟ್ಟಾಗ ಇದೇ ಎರಡು ಬೆರಳು ಬಾಗುತ್ತವೆ, ಆದ್ದರಿಂದ ನೆಂಟರ ಅನುಮಾನ ಸಂಪೂರ್ಣ ಅರ್ಥವಿಲ್ಲದ್ದೇನಲ್ಲ. ಆದರೆ ಬಾಗುವ ರೀತಿ ಬೇರೆ. ಅಲ್ಲಿ ಬುಡದ ಕೀಲು ಹಿಂದಕ್ಕೆ ಚಾಚಿ ನಡುವಿನ ಕೀಲು ಮುಂದಕ್ಕೆ ಮಡಚುತ್ತದೆ, ಆರಂಭದ ಕಾಲದಲ್ಲಿ ಇನ್ನೊಂದು ಕೈಯಿಂದ ಹಿಡಿದು ಬೆರಳನ್ನು ನೇರ ಮಾಡಬಹುದು, ಅಂಗೈಯಲ್ಲಿ ಹುರಿ ಇರುವುದಿಲ್ಲ, ಕಿರುಬೆರಳಿನಲ್ಲಿ ಸ್ಪರ್ಶ ಕಡಿಮೆಯಾಗಿರುತ್ತದೆ, ಮೊಣಕೈಯಲ್ಲಿ ನರ ದಪ್ಪವಾಗಿ ಕೈಗೆ ಸಿಗುತ್ತದೆ. ಇವರಲ್ಲಿ ಬುಡದ ಕೀಲೇ ಮುಂದಕ್ಕೆ ಬಾಗಿತ್ತು, ಹುರಿ ಕಣ್ಣಿಗೆ ಕಾಣುವಂತಿತ್ತು, ಎರಡೂ ಬೆರಳ ತುದಿಯಲ್ಲಿ ಸ್ಪರ್ಶ ಸರಿಯಾಗಿತ್ತು, ಬೆರಳುಗಳನ್ನು ಅಗಲಿಸುವ ಸಣ್ಣ ಸ್ನಾಯುಗಳು ಬಲವಾಗಿದ್ದವು, ನರ ಸಹಜವಾಗಿತ್ತು, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆಗಳಿರಲಿಲ್ಲ. ಒಂದೊಂದನ್ನೂ ಮಗನ ಮುಂದೆಯೇ ತೋರಿಸಿ, ಇದು ಕುಷ್ಠವಲ್ಲ, ಅಂಟುವ ಕಾಯಿಲೆಯೂ ಅಲ್ಲ ಎಂದು ಹೇಳಿದೆವು. ಕುಷ್ಠವೇ ಆಗಿದ್ದರೂ ಬಹು ಔಷಧ ಚಿಕಿತ್ಸೆಯಿಂದ ಪೂರ್ತಿ ಗುಣವಾಗುವ ಕಾಯಿಲೆ ಅದು, ಚಿಕಿತ್ಸೆ ಆರಂಭವಾದ ಮೇಲೆ ಹರಡುವುದಿಲ್ಲ, ಯಾರನ್ನೂ ಗಲ್ಲಾದಿಂದ ಎಬ್ಬಿಸಲು ಅದು ಕಾರಣವಾಗಬಾರದು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿದೆವು. ಇವರ ಮರ್ಯಾದೆ ಉಳಿಸಲು ಇನ್ನೊಬ್ಬ ರೋಗಿಯ ಮರ್ಯಾದೆ ಕಳೆಯುವುದು ವೈದ್ಯರ ಕೆಲಸವಲ್ಲ.

ಮಧುಮೇಹದಿಂದ ಕೈಯ ಕೀಲುಗಳು ಬಿರುಸಾಗುವ ಇನ್ನೊಂದು ಸ್ಥಿತಿಯಿದೆ. ಅದರಲ್ಲಿ ಚರ್ಮ ದಪ್ಪವಾಗಿ ಮೇಣದಂತೆ ಹೊಳೆಯುತ್ತದೆ, ಎಲ್ಲ ಬೆರಳುಗಳೂ ಸ್ವಲ್ಪ ಸ್ವಲ್ಪ ಬಿಗಿಯುತ್ತವೆ, ಕೈ ಮುಗಿದಾಗ ಎರಡು ಅಂಗೈಗಳ ನಡುವೆ ಸಂದು ಉಳಿಯುತ್ತದೆ. ಇವರಿಗೂ ಕೈ ಮುಗಿಯಲು ಬರುತ್ತಿರಲಿಲ್ಲ, ಆದರೆ ತೋರುಬೆರಳು, ನಡುಬೆರಳು ಪೂರ್ತಿ ನೇರವಾಗುತ್ತಿದ್ದವು. ಟ್ರಿಗರ್ ಫಿಂಗರಿನಲ್ಲಿ ಬೆರಳು ಸಿಕ್ಕಿಕೊಂಡು ಟಕ್ಕನೆ ಬಿಡುತ್ತದೆ, ಇಲ್ಲಿ ಅದಿಲ್ಲ. ಎಕ್ಸ್‌ರೇಯಲ್ಲಿ ಕೀಲುಗಳು ಸವೆದಿರಲಿಲ್ಲ. ರೋಗವನ್ನು ಗುರುತಿಸಲು ಸ್ಕ್ಯಾನ್ ಬೇಕಾಗಲಿಲ್ಲ.

ಅಂಗೈಯೊಳಗೆ ಆಗುವುದೇನು

ಅಂಗೈಯ ಚರ್ಮದ ಕೆಳಗೆ, ಬೆರಳು ಮಡಚುವ ಟೆಂಡನ್‌ಗಳ (ಸ್ನಾಯುವನ್ನು ಮೂಳೆಗೆ ಜೋಡಿಸುವ ಹಗ್ಗದಂಥ ನಾರುಗಳ) ಮೇಲೆ, ಮಣಿಕಟ್ಟಿನಿಂದ ಬೆರಳುಗಳತ್ತ ಅಗಲವಾಗುತ್ತಾ ಹೋಗುವ ನಾರಿನ ಪೊರೆಯೊಂದಿದೆ. ಏನನ್ನಾದರೂ ಬಿಗಿಯಾಗಿ ಹಿಡಿದಾಗ ಅಂಗೈಯ ಚರ್ಮ ಜಾರದಂತೆ ಒಳಗಿನಿಂದ ಕಟ್ಟಿ ಹಿಡಿಯುವುದು ಇದರ ಕೆಲಸ. ಡುಪ್ಯುಟ್ರನ್ ಕಾಯಿಲೆ ಈ ಪೊರೆಯದು. ಟೆಂಡನ್, ನರ, ಮೂಳೆ ಯಾವುದೂ ಮೊದಲು ಕೆಡುವುದಿಲ್ಲ. ಪೊರೆಯ ಜೀವಕೋಶಗಳಲ್ಲಿ ಕೆಲವು, ಸ್ನಾಯುವಿನಂತೆ ಸಂಕುಚಿಸುವ ಗುಣ ಪಡೆದು ಮಯೋಫೈಬ್ರೊಬ್ಲಾಸ್ಟ್‌ಗಳಾಗುತ್ತವೆ. 1972ರಲ್ಲಿ ಗಬ್ಬಿಯಾನಿ ಮತ್ತು ಮಾಯ್ನೊ ಇವುಗಳನ್ನು ಡುಪ್ಯುಟ್ರನ್ ಗಂಟುಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದರು. ಗಾಯ ಮಾಯುವಾಗ ಅದರ ಅಂಚುಗಳನ್ನು ಹತ್ತಿರಕ್ಕೆ ಸೆಳೆಯುವುದೂ ಇದೇ ಜಾತಿಯ ಕೋಶಗಳೇ. ಗಾಯ ಮಾಗಿದ ಮೇಲೆ ಅವು ಅಳಿಯುತ್ತವೆ. ಇಲ್ಲಿ ಗಾಯವೇ ಇಲ್ಲದೆ ಹುಟ್ಟಿ, ಅಳಿಯದೆ ಉಳಿದು, ಎಳೆಯುತ್ತಲೇ ಇರುತ್ತವೆ, ಎಳೆದಷ್ಟನ್ನು ಹೊಸ ಕೊಲಾಜೆನ್ ನಾರಿನಿಂದ ಭದ್ರಪಡಿಸುತ್ತಾ ಹೋಗುತ್ತವೆ. ಹೀಗೆ ಯಕ್ಷಗಾನದ ಮದ್ದಳೆಯ ಬಾರನ್ನು ಗಂಟೆಗೊಮ್ಮೆ ಕೂದಲೆಳೆಯಷ್ಟು ಬಿಗಿಯುತ್ತಾ ಹೋದಂತೆ, ಹುರಿ ತನ್ನ ಪಾಡಿಗೆ ಗಿಡ್ಡವಾಗುತ್ತದೆ. 1959ರಲ್ಲಿ ಲಕ್ ಎಂಬ ವೈದ್ಯರು ಇದನ್ನು ಮೂರು ಘಟ್ಟಗಳಾಗಿ ವಿಂಗಡಿಸಿದರು: ಕೋಶಗಳು ಹೆಚ್ಚುವ ಘಟ್ಟ, ಅವು ಸಾಲುಗೂಡಿ ಎಳೆಯುವ ಘಟ್ಟ, ಕೊನೆಗೆ ಕೋಶಗಳು ವಿರಳವಾಗಿ ಬರೀ ಗಟ್ಟಿ ನಾರು ಉಳಿಯುವ ಘಟ್ಟ.

ಕಾರಣ ಯಾವುದೋ ಒಂದೇ ಎಂದು ಹೇಳಲಾಗದು. ವಂಶದ ಪಾತ್ರ ದೊಡ್ಡದು. ಮಧುಮೇಹ, ಧೂಮಪಾನ, ಅತಿಯಾದ ಮದ್ಯಪಾನ ಇವುಗಳೊಂದಿಗೆ ಸಂಬಂಧ ಕಂಡಿದೆ. ವರ್ಷಗಟ್ಟಲೆ ಕಂಪಿಸುವ ಯಂತ್ರ ಹಿಡಿದು ದುಡಿಯುವವರಲ್ಲೂ ಹೆಚ್ಚು. ಭಾರತದಲ್ಲಿ ನಾವು ನೋಡುವ ರೋಗಿಗಳಲ್ಲಿ ಮಧುಮೇಹ ಎದ್ದು ಕಾಣುತ್ತದೆ. ಇವರಿಗೆ ಹದಿನಾಲ್ಕು ವರ್ಷದಿಂದ ಮಧುಮೇಹ, 45ನೆಯ ವಯಸ್ಸಿನವರೆಗೆ ಬೀಡಿ ಸೇದುತ್ತಿದ್ದರು, ಮದ್ಯ ಮುಟ್ಟಿದವರಲ್ಲ. ವಂಶದ ಬಗ್ಗೆ ಕೇಳಿದಾಗ ಮೊದಲು ಯಾರಿಗೂ ಇಲ್ಲ ಎಂದರು, ಆಮೇಲೆ ನೆನೆದು, ದೊಡ್ಡಪ್ಪನಿಗೂ ಎರಡು ಬೆರಳು ಮಡಚಿಕೊಂಡಿದ್ದವು, ನೊಗ ಹಿಡಿದು ಹಾಗಾಯಿತು ಎಂದು ಮನೆಯಲ್ಲಿ ಹೇಳುತ್ತಿದ್ದರು ಎಂದರು.

ದುಡಿಮೆಯೇ ಕಾರಣವೆಂಬ ಊಹೆ ಬಹಳ ಹಳೆಯದು. ಪ್ಯಾರಿಸಿನ ಒತೆಲ್-ದ್ಯೂ ಆಸ್ಪತ್ರೆಯ ಗಿಯೋಮ್ ಡುಪ್ಯುಟ್ರನ್ 1831ರಲ್ಲಿ ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಕೈಗೆ ಶಸ್ತ್ರಚಿಕಿತ್ಸೆ ಮಾಡಿ, ಕೆಟ್ಟಿರುವುದು ಟೆಂಡನ್ ಅಲ್ಲ, ಅಂಗೈಯ ಪೊರೆ ಎಂದು ಉಪನ್ಯಾಸದಲ್ಲಿ ಸಾರಿದಾಗ, ಅವರೂ ಕೈಕಸುಬಿನ ಒತ್ತಡವನ್ನೇ ಕಾರಣವಾಗಿ ಕಂಡಿದ್ದರು. ಲಂಡನ್ನಿನಲ್ಲಿ ಹೆನ್ರಿ ಕ್ಲೈನ್ ಮತ್ತು ಆಸ್ಟ್ಲಿ ಕೂಪರ್ ಇದೇ ಮಾತನ್ನು ಅವರಿಗಿಂತ ಮೊದಲೇ ಹೇಳಿದ್ದರಾದರೂ ಹೆಸರು ನಿಂತದ್ದು ಡುಪ್ಯುಟ್ರನ್ನರದು. ಅವರು ಕತ್ತರಿಸಿದ ಅಂಗೈಯ ಗಾಯಕ್ಕೆ ಹೊಲಿಗೆ ಹಾಕದೆ ತೆರೆದೇ ಬಿಟ್ಟಿದ್ದರು. ಆ ವಿವರ ಈ ಪ್ರಕರಣಕ್ಕೆ ನೇರವಾಗಿ ಸಂಬಂಧಿಸಿದೆ, ಮುಂದೆ ಬರುತ್ತದೆ.

ಬುಡದ ಕೀಲು ಕ್ಷಮಿಸುತ್ತದೆ, ನಡುವಿನ ಕೀಲು ಕ್ಷಮಿಸುವುದಿಲ್ಲ

ಈ ಭಾಗವನ್ನು ಮಗನಿಗೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ, ಏಕೆಂದರೆ ಚಿಕಿತ್ಸೆಯ ತೀರ್ಮಾನವೆಲ್ಲ ಇದರ ಮೇಲೆಯೇ ನಿಂತಿತ್ತು. ಬೆರಳಿನ ಬುಡದ ಕೀಲಿನ ಎರಡು ಪಕ್ಕದ ಬಂಧಗಳು ಕೀಲು ಮಡಚಿದಾಗ ಬಿಗಿಯಾಗಿ ಪೂರ್ತಿ ಚಾಚಿಕೊಳ್ಳುತ್ತವೆ, ಬಿಡಿಸಿದಾಗ ಸಡಿಲವಾಗುತ್ತವೆ. ಆದ್ದರಿಂದ ಆ ಕೀಲು ವರ್ಷಗಟ್ಟಲೆ ಬಾಗಿ ನಿಂತರೂ ಬಂಧಗಳ ಉದ್ದ ಕಡಿಮೆಯಾಗುವುದಿಲ್ಲ. ಹುರಿಯನ್ನು ಕತ್ತರಿಸಿದರೆ ಕೀಲು ಸಾಮಾನ್ಯವಾಗಿ ನೇರವಾಗುತ್ತದೆ. ನಡುವಿನ ಕೀಲಿನ ಕಥೆ ಬೇರೆ. ಅದರ ಅಂಗೈ ಬದಿಯಲ್ಲಿ ದಪ್ಪ ತಟ್ಟೆಯಂಥ ಬಂಧವಿದೆ. ಕೀಲು ಬಾಗಿಯೇ ಇದ್ದರೆ ಅದು, ಅದನ್ನು ಹಿಡಿದಿಡುವ ಎಳೆಗಳು, ಪಕ್ಕದ ಬಂಧಗಳ ಕೆಳಭಾಗ ಎಲ್ಲವೂ ಬಾಗಿದ ಸ್ಥಿತಿಯಲ್ಲೇ ಗಿಡ್ಡವಾಗಿ ಗಟ್ಟಿಯಾಗುತ್ತವೆ. ಅದೇ ಕಾಲಕ್ಕೆ ಬೆನ್ನ ಬದಿಯಲ್ಲಿ ಬೆರಳನ್ನು ಬಿಡಿಸುವ ಟೆಂಡನ್ ಸದಾ ಎಳೆಯಲ್ಪಟ್ಟು ಸಡಿಲವಾಗುತ್ತದೆ. ಆಮೇಲೆ ಹುರಿಯನ್ನು ಎಷ್ಟು ಚೊಕ್ಕವಾಗಿ ತೆಗೆದರೂ ಕೀಲು ಪೂರ್ತಿ ನೇರವಾಗುವ ಭರವಸೆ ಇಲ್ಲ. ಹೀಗಾಗಿಯೇ ಬುಡದ ಕೀಲು 30 ಡಿಗ್ರಿ ಮುಟ್ಟುವವರೆಗೆ ಕಾಯಬಹುದು, ನಡುವಿನ ಕೀಲು ಬಾಗತೊಡಗಿದರೆ ಬೇಗ ತೀರ್ಮಾನಿಸಬೇಕು ಎಂಬ ರೂಢಿ ಕೈ ಶಸ್ತ್ರಚಿಕಿತ್ಸಕರಲ್ಲಿದೆ. ಇವರು ಮೂರು ವರ್ಷ ಮೊದಲು ಬಂದಿದ್ದರೆ ಕಿರುಬೆರಳಿನಿಂದ ಇನ್ನೂ ಹೆಚ್ಚನ್ನು ನಿರೀಕ್ಷಿಸಬಹುದಿತ್ತು ಎಂದು ಹೇಳುವಾಗ ನನಗೆ ಸಂಕಟವಾಯಿತು. ಹೇಳದೆ ಇರುವುದು ಮಾತ್ರ ಸರಿಯಾಗುತ್ತಿರಲಿಲ್ಲ.

ಅವರ ಮುಂದಿಟ್ಟ ದಾರಿಗಳು ಹೀಗಿದ್ದವು. ಸೂಜಿಯ ಮೊನೆಯಿಂದ ಚರ್ಮದ ಮೂಲಕವೇ ಹುರಿಯನ್ನು ಅಲ್ಲಲ್ಲಿ ಕಡಿದು ಬೆರಳನ್ನು ಎಳೆಯುವ ವಿಧಾನ ಸರಳ, ಹತ್ತು ದಿನದಲ್ಲಿ ಕೆಲಸಕ್ಕೆ ಮರಳಬಹುದು, ಖರ್ಚೂ ಕಡಿಮೆ. ಆದರೆ ಹುರಿ ಒಳಗೇ ಉಳಿಯುತ್ತದೆ. ನೆದರ್ಲೆಂಡ್ಸಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಹೋಲಿಕೆಯ ಅಧ್ಯಯನವೊಂದರಲ್ಲಿ ಐದು ವರ್ಷದೊಳಗೆ ಸೂಜಿಯ ಗುಂಪಿನ ಶೇ. 85ರಷ್ಟು ಮಂದಿಯಲ್ಲಿ ಬಾಗು ಮರಳಿತ್ತು, ಹುರಿಯನ್ನು ತೆರೆದು ತೆಗೆದವರಲ್ಲಿ ಅದು ಶೇ. 21. ಉಂಗುರ ಬೆರಳಿಗೆ ಸೂಜಿ ಸಾಕಾಗಬಹುದಿತ್ತು. ಕಿರುಬೆರಳಿನಲ್ಲಿ ನರ ತನ್ನ ಜಾಗ ಬಿಟ್ಟು ಸರಿದಿರುವ ಸಂಭವ ಇದ್ದುದರಿಂದ ಕಣ್ಣಿಗೆ ಕಾಣದೆ ಸೂಜಿ ಆಡಿಸಲು ನಾವು ಒಪ್ಪಲಿಲ್ಲ. ಹುರಿಯ ಕೊಲಾಜೆನ್ನನ್ನು ಕರಗಿಸುವ ಕೊಲಾಜಿನೇಸ್ ಇಂಜೆಕ್ಷನ್ನಿನ ಬಗ್ಗೆ ಮಗ ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದ. ಅದಕ್ಕೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿತು, 2020ರಲ್ಲಿ ಯೂರೋಪಿನ ಮಾರುಕಟ್ಟೆಯಿಂದ ವ್ಯಾಪಾರದ ಕಾರಣಕ್ಕೆ ಹಿಂದೆಗೆಯಲಾಯಿತು. ನಮ್ಮ ರೋಗಿಗೆ ಅದು ಕೈಗೆಟುಕುವ ದಾರಿಯಾಗಿರಲಿಲ್ಲ. ಕೊನೆಗೆ ಎರಡು ಬೆರಳಿನ ಹುರಿಯನ್ನೂ ತೆರೆದು ತೆಗೆಯುವುದೆಂದು ನಿಶ್ಚಯವಾಯಿತು. ಇದರಿಂದ ಹುರಿ ಹೋಗುತ್ತದೆಯೇ ಹೊರತು ಕಾಯಿಲೆಯ ಪ್ರವೃತ್ತಿ ಹೋಗುವುದಿಲ್ಲ ಎಂಬುದನ್ನು ಪತ್ನಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಆದರೆ ಆ ತಿಂಗಳು ಶಸ್ತ್ರಚಿಕಿತ್ಸೆ ಮಾಡುವಂತಿರಲಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 9.4 ಇತ್ತು. ಆ ಮಟ್ಟದಲ್ಲಿ ಅಂಗೈ ತೆರೆದರೆ ಸೋಂಕು ಆಗುವ, ಗಾಯ ತಡವಾಗಿ ಮಾಯುವ, ಬೆರಳು ಬಿರುಸಾಗುವ ಅಪಾಯ ಹೆಚ್ಚು. "ಅಣ್ಣ, ಬೆರಳು ಮೂರು ತಿಂಗಳು ಕಾಯುತ್ತದೆ, ಸಕ್ಕರೆ ಕಾಯುವುದಿಲ್ಲ" ಎಂದು ಹೇಳಿ ಮಧುಮೇಹ ತಜ್ಞರ ಬಳಿ ಕಳುಹಿಸಿದೆವು. ಹೋಟೆಲಿನಲ್ಲಿ ಕೂತವರಿಗೆ ಪಥ್ಯ ಸುಲಭವಲ್ಲ. ಗಂಟೆಗೊಂದು ಅರ್ಧ ಚಹಾ, ಬೆಳಿಗ್ಗೆ ರುಚಿ ನೋಡುವ ಶೀರಾ, ಎಲ್ಲವೂ ಲೆಕ್ಕಕ್ಕೆ ಬಂದವು. ಅಡುಗೆಭಟ್ಟರಿಗೆ ಪತ್ನಿಯೇ ಕಟ್ಟಪ್ಪಣೆ ಮಾಡಿದರಂತೆ. ಮಳೆಗಾಲ, ಚೌತಿ, ನವರಾತ್ರಿ ಕಳೆದು ಅಕ್ಟೋಬರಿನಲ್ಲಿ ಬಂದಾಗ ಎಚ್‌ಬಿಎ1ಸಿ 7.5ಕ್ಕೆ ಇಳಿದಿತ್ತು. ಕಿರುಬೆರಳಿನ ನಡುವಿನ ಕೀಲು 58 ಡಿಗ್ರಿ ತೋರಿಸಿತು. ಕೋನಮಾಪಕದ ಅಳತೆಯಲ್ಲಿ ಐದು ಡಿಗ್ರಿಯವರೆಗಿನ ಹೆಚ್ಚುಕಡಿಮೆ ಸಹಜ, ಹಾಗಾಗಿ ಅದನ್ನು ಹದಗೆಟ್ಟಿತೆಂದು ಬಗೆಯಲಿಲ್ಲ.

ಶಸ್ತ್ರಚಿಕಿತ್ಸೆ

ಪೂರ್ತಿ ಪ್ರಜ್ಞೆ ತಪ್ಪಿಸದೆ, ತೋಳಿಗೆ ಹೋಗುವ ನರಗಳ ಸುತ್ತ ಮದ್ದು ಕೊಟ್ಟು ಕೈಯನ್ನು ಮಾತ್ರ ಮರಗಟ್ಟಿಸಲಾಯಿತು. ತೋಳಿಗೆ ಟೂರ್ನಿಕೆ ಕಟ್ಟಿ ರಕ್ತ ನಿಲ್ಲಿಸಿ, ವರ್ಧಕ ಕನ್ನಡಕದ ಸಹಾಯದಿಂದ ಕೆಲಸ ಮಾಡಿದೆವು. ಅಂಗೈಯಲ್ಲಿ ಅಡ್ಡ ಗೀರು, ಬೆರಳುಗಳಲ್ಲಿ ಅಂಕುಡೊಂಕಾದ ಗೀರು. ಬೆರಳಿನ ಉದ್ದಕ್ಕೆ ನೇರ ಗೀರು ಹಾಕಿ ಹಾಗೆಯೇ ಹೊಲಿದರೆ ಆ ಕಲೆಯೇ ಮುಂದೆ ಎಳೆದು ಬೆರಳನ್ನು ಮತ್ತೆ ಬಾಗಿಸುತ್ತದೆ.

ಉಂಗುರ ಬೆರಳಿನ ಹುರಿ ಸಲೀಸಾಗಿ ಬಂತು. ತೆಗೆದೊಡನೆ ಬುಡದ ಕೀಲು ಪೂರ್ತಿ ನೇರವಾಯಿತು. ಕಿರುಬೆರಳಿನಲ್ಲಿ ಅನುಮಾನ ನಿಜವಾಯಿತು. ಬೆರಳಿನ ಪ್ರತಿ ಪಕ್ಕದಲ್ಲಿ ಒಂದು ನರ, ಒಂದು ಧಮನಿ ಜೊತೆಯಾಗಿ ಸಾಗುತ್ತವೆ. ಹುರಿ ಕೆಲವೊಮ್ಮೆ ಅವುಗಳ ಹಿಂದಿನಿಂದ ಬಳಸಿ ಸುತ್ತಿಕೊಳ್ಳುತ್ತದೆ. ಹುರಿ ಗಿಡ್ಡವಾಗಿ ನೇರವಾದಂತೆ, ನೇರವಾಗಿದ್ದ ನರವೇ ಅದರ ಸುತ್ತ ತಿರುಚಿಕೊಂಡು ಬೆರಳಿನ ನಡುವಿಗೆ, ಚರ್ಮದ ಸಮೀಪಕ್ಕೆ ಬಂದುಬಿಡುತ್ತದೆ. ಇವರ ಕಿರುಬೆರಳಿನ ಒಳಪಕ್ಕದ ನರ, ಗೀರು ಹಾಕಿದ ಚರ್ಮದ ಕೆಳಗೇ ಹುರಿಯನ್ನು ಅಡ್ಡಹಾಯ್ದು ನಿಂತಿತ್ತು. ಅಂಗೈಯ ಸಹಜ ಜಾಗದಲ್ಲಿ ನರವನ್ನು ಮೊದಲು ಗುರುತಿಸಿ, ಅಲ್ಲಿಂದ ಬೆರಳಿನತ್ತ ಎಳೆಎಳೆಯಾಗಿ ಬಿಡಿಸುತ್ತಾ ಹೋಗುವುದೊಂದೇ ಸುರಕ್ಷಿತ ಕ್ರಮ. ಶಸ್ತ್ರಚಿಕಿತ್ಸೆಯ ಬಹುಪಾಲು ಸಮಯ ಈ ಒಂದೂವರೆ ಅಂಗುಲದಲ್ಲೇ ಕಳೆಯಿತು.

ಹುರಿ ಪೂರ್ತಿ ತೆಗೆದ ಮೇಲೂ ಕಿರುಬೆರಳಿನ ನಡುವಿನ ಕೀಲು 25 ಡಿಗ್ರಿಯಲ್ಲಿ ನಿಂತಿತು. ಮೆಲ್ಲನೆ ಒತ್ತಿದಾಗ 15 ಡಿಗ್ರಿಗೆ ಬಂತು. ಕೀಲಿನ ಅಂಗೈ ಬದಿಯ ಬಂಧಗಳನ್ನೂ ಕತ್ತರಿಸಿ ಸೊನ್ನೆಗೆ ತರಬಹುದಿತ್ತಲ್ಲವೇ ಎಂದು ನಮ್ಮ ಕಿರಿಯ ವೈದ್ಯರು ಕೇಳಿದರು. ಹಾಗೆ ಮಾಡಿದರೆ ಮೇಜಿನ ಮೇಲೆ ಚೆಂದ ಕಾಣುವ ಬೆರಳು ಆಮೇಲೆ ಊದಿ, ಬಿರುಸಾಗಿ, ಮಡಚುವ ಶಕ್ತಿಯನ್ನೇ ಕಳೆದುಕೊಳ್ಳುವ ಸಂಭವವಿದೆ. 62 ವರ್ಷದ ಮಧುಮೇಹಿಯ ಕೈಯಲ್ಲಿ ಅದು ಒಳ್ಳೆಯ ವ್ಯವಹಾರವಲ್ಲ ಎಂಬುದು ನನ್ನ ತೀರ್ಮಾನವಾಗಿತ್ತು. ಮಡಚಲು ಬಾರದ ನೇರ ಕಿರುಬೆರಳಿಗಿಂತ 15 ಡಿಗ್ರಿ ಬಾಗಿದ್ದೂ ಮುಷ್ಟಿ ಕಟ್ಟುವ ಕಿರುಬೆರಳು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಟೂರ್ನಿಕೆ ಬಿಚ್ಚಿದಾಗ ಉಂಗುರ ಬೆರಳು ಕೂಡಲೇ ಕೆಂಪಾಯಿತು, ಕಿರುಬೆರಳು ಬೆಳ್ಳಗೇ ಉಳಿಯಿತು. ವರ್ಷಗಟ್ಟಲೆ ಬಾಗಿದ್ದ ಬೆರಳನ್ನು ಒಮ್ಮೆಲೆ ಚಾಚಿದರೆ ಧಮನಿ ಎಳೆದು ಸೆಟೆಯುತ್ತದೆ. ಬೆರಳನ್ನು ಸ್ವಲ್ಪ ಮಡಚಿ, ಬೆಚ್ಚಗಿನ ಸಲೈನಿನ ಬಟ್ಟೆ ಸುತ್ತಿ ಕಾದ ಮೇಲೆ ಬಣ್ಣ ಮರಳಿತು.

ಬೆರಳುಗಳ ಗಾಯ ಹೊಲಿದೆವು. ಅಂಗೈಯ ಅಡ್ಡಗಾಯವನ್ನು ಹೊಲಿಯದೆ ಬಿಟ್ಟೆವು. ಡುಪ್ಯುಟ್ರನ್ನರ ಹಳೆಯ ಪದ್ಧತಿಯನ್ನು 1964ರಲ್ಲಿ ಮ್ಯಾಕ್ಯಾಶ್ ಎಂಬ ಶಸ್ತ್ರಚಿಕಿತ್ಸಕರು ಮತ್ತೆ ಬಳಕೆಗೆ ತಂದರು. ಬೆರಳು ನೇರವಾದಾಗ ಅಂಗೈಯ ಚರ್ಮ ಸಾಲದೆ ಬರುತ್ತದೆ; ಎಳೆದು ಹೊಲಿದರೆ ಅಂಚು ಸಾಯುತ್ತದೆ, ಒಳಗೆ ರಕ್ತ ನಿಂತು ಸೋಂಕಾಗುತ್ತದೆ. ತೆರೆದು ಬಿಟ್ಟರೆ ರಕ್ತ ಹೊರಬರುತ್ತದೆ, ನೋವು ಕಡಿಮೆ, ಮೊದಲ ದಿನಗಳಿಂದಲೇ ಬೆರಳು ಆಡಿಸಬಹುದು, ಗಾಯ ಮೂರರಿಂದ ಐದು ವಾರಗಳಲ್ಲಿ ತಾನೇ ಮುಚ್ಚುತ್ತದೆ. ಇದನ್ನು ಮೊದಲೇ ಹೇಳಿದ್ದರೂ ಮೊದಲ ಡ್ರೆಸ್ಸಿಂಗ್ ಬಿಚ್ಚಿದಾಗ ಪತ್ನಿ ಬೆಚ್ಚಿದರು. "ಹೊಲಿಗೆ ಬಿಟ್ಟುಹೋಗಿದೆಯಾ ಡಾಕ್ಟ್ರೇ?" ಎಂದು ಅವರು ಕೇಳಿದ್ದು ನ್ಯಾಯವೇ. "ಇಲ್ಲ ಅಕ್ಕ, ಬೇಕೆಂದೇ ಬಿಟ್ಟದ್ದು" ಎಂದು ಹೇಳಿ, ಪ್ರತಿ ಭೇಟಿಯಲ್ಲೂ ಗಾಯದ ಅಗಲವನ್ನು ಅಳೆದು ತೋರಿಸಿದೆವು. ಅಗಲ ಕಿರಿದಾಗುವುದನ್ನು ಕಣ್ಣಾರೆ ಕಂಡ ಮೇಲೆ ಮನೆಯ ಡ್ರೆಸ್ಸಿಂಗನ್ನು ಅವರೇ ವಹಿಸಿಕೊಂಡರು.

ಆಮೇಲಿನ ದಿನಗಳು

ಮೂರನೆಯ ದಿನದಿಂದ ಕೈ ಚಿಕಿತ್ಸಕಿ ಬೆರಳು ಆಡಿಸಲು ಕಲಿಸಿದರು: ಪೂರ್ತಿ ಮಡಚುವುದು, ಪೂರ್ತಿ ಬಿಡಿಸುವುದು, ನೋವಾಗುವಷ್ಟು ಒತ್ತದಿರುವುದು. ಊತ ಇಳಿಯಲು ಕೈಯನ್ನು ಎದೆಗಿಂತ ಮೇಲೆ ಇರಿಸಬೇಕು. ಆದ್ದರಿಂದ ಜನದಟ್ಟಣೆಯ ಲೋಕಲ್ ರೈಲು ಬೇಡ, ಮಧ್ಯಾಹ್ನ ಖಾಲಿ ಇರುವ ಹೊತ್ತಿಗೆ ಬನ್ನಿ ಎಂದೆವು. ಅಡುಗೆಮನೆಯ ಹಬೆ, ತೇವದಿಂದಲೂ ದೂರ ಇರಬೇಕಾಗಿತ್ತು. ಗಲ್ಲಾದಲ್ಲಿ ಮಗ ಕೂತ. ಕಿರುಬೆರಳಿನ ತುದಿಯ ಒಳಪಕ್ಕ ಕೆಲವು ವಾರ ಜುಮುಗುಟ್ಟುತ್ತಿತ್ತು. ಬಿಡಿಸಿದ ನರ ದಣಿದದ್ದರ ಲಕ್ಷಣವದು, ಮೂರು ತಿಂಗಳಲ್ಲಿ ಸ್ಪರ್ಶ ಪೂರ್ತಿ ಮರಳಿತು. ಅಂಗೈಯ ಗಾಯ ಐದನೆಯ ವಾರಕ್ಕೆ ಮುಚ್ಚಿತು. ಸೋಂಕು ಆಗಲಿಲ್ಲ.

ರಾತ್ರಿ ಬೆರಳನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟನ್ನು ಎಲ್ಲರಿಗೂ ಕಟ್ಟುವ ವಾಡಿಕೆ ಬಹುಕಾಲದಿಂದಿದೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಎಲ್ಲರಿಗೂ ಕಟ್ಟುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂದು ತೋರಿಸಿದ ಮೇಲೆ, ನಾವು ಬಾಗು ಮರಳತೊಡಗಿದವರಿಗೆ ಮಾತ್ರ ಕೊಡುತ್ತೇವೆ. ಇವರ ಉಂಗುರ ಬೆರಳಿಗೆ ಬೇಕಾಗಲಿಲ್ಲ. ಕಿರುಬೆರಳಿನ ನಡುವಿನ ಕೀಲು ನಾಲ್ಕನೆಯ ವಾರದಲ್ಲಿ 15ರಿಂದ 28 ಡಿಗ್ರಿಗೆ ಸರಿದದ್ದರಿಂದ ಆ ಬೆರಳಿಗೆ ಮಾತ್ರ ಸ್ಪ್ಲಿಂಟ್ ಹಾಕಿ ನಾಲ್ಕು ತಿಂಗಳು ಮುಂದುವರಿಸಿದೆವು.

ಆರು ತಿಂಗಳಿಗೆ ಉಂಗುರ ಬೆರಳಿನ ಎರಡೂ ಕೀಲುಗಳು ನೇರವಾಗಿದ್ದವು. ಕಿರುಬೆರಳಿನ ಬುಡದ ಕೀಲು ಸೊನ್ನೆ, ನಡುವಿನ ಕೀಲು 20 ಡಿಗ್ರಿ, ಮುಷ್ಟಿ ಪೂರ್ತಿ. ಒಂದು ವರ್ಷಕ್ಕೆ ನಡುವಿನ ಕೀಲು 22 ಡಿಗ್ರಿ, ಅಂದರೆ ಅಳತೆಯ ಹೆಚ್ಚುಕಡಿಮೆಯೊಳಗೇ. ಮುಖ ತೊಳೆಯುವುದು, ಜೇಬಿಗೆ ಕೈ ಹಾಕುವುದು, ಊಟ ಎಲ್ಲವೂ ಸರಿಹೋಗಿವೆ. ಬಲಗೈ ಮೇಜಿನ ಮೇಲೆ ಬಂದಿದೆ. ಆ ವರ್ಷದ ಅನ್ನಸಂತರ್ಪಣೆಯಲ್ಲಿ ಪಾಯಸ ಬಡಿಸಿದರೆಂದು ಮಗ ಹೇಳಿದ. ಪಾಯಸದ ಬಾಲ್ದಿ ಎಡಗೈಯಲ್ಲಿ, ಸೌಟು ಬಲಗೈಯಲ್ಲಿ ಹಿಡಿಯುವ ಕೆಲಸವಾದ್ದರಿಂದ ಅದು ಕೈಯ ಶಕ್ತಿಯ ಪರೀಕ್ಷೆಯೂ ಹೌದು.

ಎಡಗೈಯ ಗಂಟಿಗೆ ಸದ್ಯ ಏನೂ ಮಾಡಿಲ್ಲ. ನೋಯದ, ಬೆರಳನ್ನು ಬಾಗಿಸದ ಗಂಟನ್ನು ಕತ್ತರಿಸಿದರೆ ಲಾಭವಿಲ್ಲ, ಸಕ್ರಿಯವಾಗಿರುವ ಕಾಯಿಲೆ ಕೆರಳುವ ಸಾಧ್ಯತೆ ಮಾತ್ರ ಇದೆ. ತಿಂಗಳಿಗೊಮ್ಮೆ ಎಡ ಅಂಗೈಯನ್ನು ಗಲ್ಲಾದ ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ನೋಡಬೇಕು, ಬೆರಳಿನ ಕೆಳಗೆ ಬೆಳಕು ಕಂಡ ದಿನವೇ ಫೋನ್ ಮಾಡಬೇಕು ಎಂದು ಹೇಳಿದ್ದೇವೆ. ಇಬ್ಬರು ಗಂಡುಮಕ್ಕಳಿಗೂ ಐವತ್ತು ದಾಟಿದ ಮೇಲೆ ಹೀಗೆಯೇ ನೋಡಿಕೊಳ್ಳಲು ತಿಳಿಸಿದ್ದೇವೆ, ಅದಕ್ಕಿಂತ ಮೊದಲೇ ಗಂಟು ಕಂಡರೆ ಆಗಲೇ ಬರಬೇಕು; ಚಿಕ್ಕ ವಯಸ್ಸಿನಲ್ಲಿ ಶುರುವಾದರೆ ಈ ಕಾಯಿಲೆ ಹೆಚ್ಚು ಜೋರಾಗಿರುತ್ತದೆ. ಬಲಗೈಯ ಕಿರುಬೆರಳು ಮತ್ತೆ 40 ಡಿಗ್ರಿ ದಾಟಿದರೆ ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಹುರಿಯೊಂದಿಗೆ ಅದಕ್ಕಂಟಿದ ಚರ್ಮವನ್ನೂ ತೆಗೆದು, ತೋಳಿನ ಚರ್ಮ ಕಸಿ ಮಾಡುವುದೆಂದು ಈಗಲೇ ಮಾತಾಗಿದೆ. ಅಳತೆಯ ಪುಸ್ತಕದ ಒಂದು ಪ್ರತಿ ಅವರ ಬಳಿಯೇ ಇದೆ, ಆರು ತಿಂಗಳಿಗೊಮ್ಮೆ ಅದನ್ನು ಹಿಡಿದುಕೊಂಡು ಬರುತ್ತಾರೆ.